ಮೂರು ಪೆನ್ನಿನ ಧ್ಯಾನ

ಮೊನ್ನೆ ಶನಿವಾರ, ನೆದರ್‌ಲ್ಯಾಂಡ್ಸಿನ ದ ಹೇಗ್ ನಗರದ ಸ್ಟೇಷನ್ನಿನ ಎದುರು ಟ್ರಾಮಿನಿಂದ ಇಳಿಯುತ್ತಿದ್ದಂತೆ ಕಾದ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ನವೆಂಬರ್ ಬಂತೆಂದರೆ ಇಲ್ಲಿ ಬೀದಿ ಮೂಲೆಗಳಲ್ಲಿ ಓಲಿಬೊಲೆನ್ ಮಾರುವ ಗಾಡಿಗಳು ಬಂದು ನಿಲ್ಲುತ್ತವೆ. ಹುದುಗು ಬರಿಸಿದ ಹಿಟ್ಟನ್ನು ಉಂಡೆಯಾಗಿ ಎಣ್ಣೆಗೆ ಬಿಟ್ಟು, ಕೆಂಪಗೆ ಕರಿದು, ಸಕ್ಕರೆ ಪುಡಿ ಉದುರಿಸಿ ಕಾಗದದ ಚೀಲದಲ್ಲಿ ಕೊಡುತ್ತಾರೆ. ಒಳಗೆ ಒಣದ್ರಾಕ್ಷಿ ಇರುತ್ತದೆ. ನನ್ನ ಮಗಳು ತನ್ವಿಗೆ ಉಂಡೆ ಬೇಕು, ದ್ರಾಕ್ಷಿ ಬೇಡ. ಒಂದೊಂದನ್ನೇ ಹೆಕ್ಕಿ ನನ್ನ ಅಂಗೈಗೆ ಹಾಕುತ್ತಾಳೆ.

ನಾನು ಅಂಗೈ ನೋಡುತ್ತಾ ನಿಂತೆ. "ಮಮ್ಮಿ, ಜಸ್ಟ್ ಈಟ್ ಇಟ್" ಅಂದಳು. ಹತ್ತು ವರ್ಷದವಳು, ತಾಯಿಯ ಹುಚ್ಚುಗಳೆಲ್ಲ ಅವಳಿಗೆ ಗೊತ್ತು. ಒಂದು ಒಣದ್ರಾಕ್ಷಿಯನ್ನು ಹತ್ತು ನಿಮಿಷ ನೋಡಲು ಕಲಿಸುವ ಕ್ಲಾಸಿಗೆ ಹೋದ ಹೆಂಗಸು ನಾನು. ಹೋದೆ, ನೋಡಲಿಲ್ಲ, ನೋಡಿದೆ ಅಂತ ಹೇಳಿದೆ. ಆ ಸುಳ್ಳಿಗೆ ಇವಳು ಟ್ರಾಮಿನ ಹಳಿ ಮೇಲೆ ಬಿದ್ದಳು. ನಾಲ್ಕು ವರ್ಷವಾಯಿತು.

ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ನನ್ನ ದಿನ ಬೆಳಿಗ್ಗೆ ಏಳಕ್ಕೆ ಬೆಂಗಳೂರಿನ ತಂಡದ ಕರೆಯಿಂದ ಶುರುವಾಗುತ್ತಿತ್ತು. ಒಂಬತ್ತಕ್ಕೆ ಆಮ್ಸ್ಟರ್‌ಡ್ಯಾಮಿನ ಸ್ಲೋಟರ್‌ಡೈಕ್‌ನಲ್ಲಿ ಆಫೀಸು. ಒಂದು ಬ್ಯಾಂಕಿನ ಹಳೇ ಸಾಫ್ಟ್‌ವೇರನ್ನು ಪೂರ್ತಿ ಹೊಸದಕ್ಕೆ ಸಾಗಿಸುವ ಕೆಲಸ, ನಾನು ಅದರ ಲೀಡ್. ಆ ಬದಲಾವಣೆಗೆ ಡಿಸೆಂಬರಿನಲ್ಲಿ ದಿನ ಗೊತ್ತುಮಾಡಿದ್ದರು. ಅದೇ ಮುಂದಿನ ವಸಂತಕ್ಕೆ ನಮಗಿಲ್ಲಿ ಐದು ವರ್ಷ ತುಂಬುತ್ತಿತ್ತು, ಇಲ್ಲೇ ನೆಲೆಸುವ ಕಾಯಂ ಪರ್ಮಿಟ್‌ಗೆ ಅರ್ಜಿ ಹಾಕಬಹುದಿತ್ತು. ನನ್ನ ಗಂಡ ಗಿರೀಶ ಡೆಲ್ಫ್ಟ್‌ನಲ್ಲಿ ಕೆಲಸಕ್ಕಿದ್ದ, ಆದರೆ ಅವನ ಪರ್ಮಿಟ್ಟು, ತನ್ವಿಯ ಪರ್ಮಿಟ್ಟು ಎರಡೂ ನನ್ನ ಪರ್ಮಿಟ್ಟಿಗೆ ಜೋತುಬಿದ್ದಿದ್ದವು. ನಾನು ಎಡವಿದರೆ ಮೂವರೂ ಬೀಳುತ್ತೇವೆ ಎಂಬ ಲೆಕ್ಕ ತಲೆಯಲ್ಲಿ ಕೂತುಬಿಟ್ಟಿತ್ತು. ಯಾರೂ ಹಾಗೆ ಹೇಳಿರಲಿಲ್ಲ, ನಾನೇ ಹೇಳಿಕೊಂಡಿದ್ದೆ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ, ರೈಲು ಲೈಡನ್ ದಾಟಿದ ಮೇಲೆ, ಎದೆ ಡವಗುಟ್ಟಲು ಶುರುವಾಯಿತು. ಬೆರಳು ಜೋಮು ಹಿಡಿದವು. ಎದುರು ಕೂತವನ ಕೋಟಿನ ಗುಂಡಿ ಬಿಟ್ಟು ಬೇರೇನೂ ಕಾಣಿಸದಂತಾಯಿತು. ಹಾರ್ಲೆಮ್‌ನಲ್ಲಿ ಹೇಗೋ ಇಳಿದು ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತೆ. ಇಲ್ಲೇ ಸಾಯುತ್ತೇನೆ, ಗಿರೀಶನಿಗೆ ಫೋನ್ ಮಾಡುವವರು ಡಚ್ಚಿನಲ್ಲಿ ಮಾತಾಡುತ್ತಾರೆ, ಅವನಿಗೆ ಅರ್ಧ ತಿಳಿಯುವುದಿಲ್ಲ, ಅಂತ ಯೋಚಿಸಿದ್ದು ಚೆನ್ನಾಗಿ ನೆನಪಿದೆ. ನಾಲ್ಕು ರೈಲು ಹೋದವು. ಐದನೆಯದನ್ನು ಹತ್ತಿ ಆಫೀಸಿಗೆ ಹೋಗಿ, ಟ್ರೈನ್ ತಡ ಅಂದೆ.

ಮೂರನೇ ಸಲ ಹಾಗಾದಾಗ ಗಿರೀಶ ಕೈ ಹಿಡಿದು ನಮ್ಮ ಓಣಿಯ ಡಾಕ್ಟರ ಹತ್ತಿರ ಎಳೆದುಕೊಂಡು ಹೋದ. ಇಲ್ಲಿನ ಡಾಕ್ಟರು ಏನು ಹೇಳಿದರೂ ಪ್ಯಾರಾಸಿಟಮಾಲ್ ಕೊಟ್ಟು ಕಳಿಸುತ್ತಾರೆ ಎಂದು ನಮ್ಮವರೆಲ್ಲ ಬೈಯುತ್ತಾರೆ. ನನಗೆ ಅದನ್ನೂ ಕೊಡಲಿಲ್ಲ. ಎದೆ ಪರೀಕ್ಷೆ ಮಾಡಿಸಿ, ಹೃದಯ ಗಟ್ಟಿಯಾಗಿದೆ, ದಣಿದಿರುವುದು ನೀವು, ಆಫೀಸಿಗೆ ಹುಷಾರಿಲ್ಲ ಅಂತ ತಿಳಿಸಿ ಅಂದರು.

"ನೋಡು, ಹೃದಯ ಛಲೋ ಅದ" ಅಂದೆ ಹೊರಗೆ ಬಂದು.

"ಅದಷ್ಟ ಕೇಳ್ಸಿತೇನ ನಿನಗ?" ಅಂದ ಗಿರೀಶ. "ರಜಾ ಹಾಕು ಅಂದ್ರು, ಅದು?"

"ತಲಿ ಕೆಟ್ಟದ ಅಂತ ಕಾಗದದ ಮ್ಯಾಲೆ ಬಂತಂದ್ರ ಪರ್ಮಿಟ್ ಯಾರು ಕೊಡ್ತಾರ?"

"ಹಂಗ ಎಲ್ಲೂ ಬರದಿಲ್ಲ, ಶೈಲಾ. ನಾ ಓದೀನಿ."

ಕಡೆಗೆ ಅವನೇ ಕೂತು ಆಫೀಸಿಗೆ ಮೇಲ್ ಬರೆಸಿದ. ಕಂಪನಿಯ ಡಾಕ್ಟರ್ ಕರೆಸಿದರು. ಆಫೀಸಿಗೆ ಏನೂ ಹೇಳುವುದಿಲ್ಲ, ಎಷ್ಟು ಗಂಟೆ ದುಡಿಯಬಹುದು ಅನ್ನುವುದನ್ನಷ್ಟೇ ಬರೆಯುತ್ತೇನೆ ಅಂದರು. ಅರ್ಧ ದಿನದ ಕೆಲಸ, ಜೊತೆಗೆ ಮೈಂಡ್‌ಫುಲ್‌ನೆಸ್ ಎಂಬ ಧ್ಯಾನದ ಎಂಟು ವಾರದ ತರಬೇತಿ. ಮಂಗಳವಾರ ಮಧ್ಯಾಹ್ನ, ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ.

ಧಾರವಾಡದಲ್ಲಿರುವ ಅವ್ವನಿಗೆ ಹೇಳಿದಾಗ ಅವಳು ನಕ್ಕ ನಗು ಪಕ್ಕದ ಮನೆಗೂ ಕೇಳಿರಬೇಕು. "ಧ್ಯಾನ ಕಲಿಲಿಕ್ಕೆ ಡಚ್ ಮಂದಿ ಕಡೆ ಹೋಗೀಯೇನು? ನಿಮ್ಮಜ್ಜ ದಿನಾ ಮುಂಜಾನೆ ಕೂಡ್ತಿದ್ರು, ಆವಾಗ ಬಾ ಅಂದ್ರ ಓಡಿ ಹೋಗ್ತಿದ್ದಿ." ಕ್ಲಾಸು ಅಂದಮೇಲೆ ಚೆನ್ನಾಗಿ ಮಾಡು ಅಂತಲೂ ಸೇರಿಸಿದಳು. ಆ ಕೊನೆಯ ಮಾತು ನನ್ನ ತಲೆಯಲ್ಲಿ ಚೆನ್ನಾಗಿ ಕೂತಿತು.

ತರಬೇತಿ ಕೊಡುವವರು ಇನೆಕೆ, ಅರವತ್ತರ ಹತ್ತಿರದ ಹೆಂಗಸು, ಮೊದಲು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಮೊದಲ ದಿನ ಹನ್ನೊಂದು ಜನರ ಕೈಗೆ ಒಂದೊಂದು ಒಣದ್ರಾಕ್ಷಿ ಕೊಟ್ಟು, ಇದನ್ನು ಮೊದಲ ಸಲ ನೋಡುತ್ತಿರುವ ಹಾಗೆ ನೋಡಿ ಅಂದರು. ಹೊರಗೆ ಗಾಳಿ, ಕಿಟಕಿಗೆ ಅಡ್ಡಡ್ಡ ಮಳೆ. ಎಲ್ಲರೂ ದ್ರಾಕ್ಷಿ ನೋಡಿದರು. ನಾನು ಪಾಯಸದಲ್ಲಿ ಹಾಕುವ ಪದಾರ್ಥಕ್ಕೆ ಇಷ್ಟು ಹೊತ್ತು ಬೇಕೇ ಅಂದುಕೊಂಡು, ಮನಸ್ಸಿನಲ್ಲೇ ಮರುದಿನದ ಆಫೀಸಿನ ಟೆಸ್ಟುಗಳ ಪಟ್ಟಿ ಮಾಡಿದೆ. ಕೊನೆಗೆ ಅನುಭವ ಕೇಳಿದಾಗ ಎಲ್ಲರಿಗಿಂತ ಉದ್ದ ಉತ್ತರ ಕೊಟ್ಟವಳು ನಾನೇ. ಇನೆಕೆ ತಲೆಯಾಡಿಸಿದರು. ಶಹಬ್ಬಾಸ್ ಸಿಕ್ಕಿತು ಅಂದುಕೊಂಡೆ.

ಹೋಮ್‌ವರ್ಕ್ ಇತ್ತು. ದಿನಕ್ಕೆ ನಲವತ್ತು ನಿಮಿಷ ಮಲಗಿ, ಧ್ವನಿಮುದ್ರಿಕೆ ಹೇಳಿದಂತೆ ಕಾಲ್ಬೆರಳಿನಿಂದ ನೆತ್ತಿಯವರೆಗೆ ಮೈಯನ್ನು ಗಮನಿಸಬೇಕು. ಆಮೇಲೆ ಒಂದು ಹಾಳೆಯಲ್ಲಿ ಮಾಡಿದೆನೋ ಇಲ್ಲವೋ, ಏನನ್ನಿಸಿತು ಅಂತ ಬರೆಯಬೇಕು. ಮೊದಲ ದಿನ ಮಲಗಿದೆ. ಧ್ವನಿ ಎಡಗಾಲಿನ ಮಂಡಿಗೆ ಬರುವಷ್ಟರಲ್ಲಿ ಎದೆ ರೈಲಿನಲ್ಲಾದ ಹಾಗೆ ಬಡಿಯತೊಡಗಿತು. ಸುಮ್ಮನಿದ್ದರೆ ಅದು ಬರುತ್ತದೆ, ಕೆಲಸದಲ್ಲಿದ್ದರೆ ಹಿಂದೆ ಉಳಿಯುತ್ತದೆ ಎಂದು ಆ ಕ್ಷಣ ತೀರ್ಮಾನಿಸಿ ಎದ್ದುಬಿಟ್ಟೆ. ಮತ್ತೆ ಮಲಗಲಿಲ್ಲ.

ಆದರೆ ಹಾಳೆ ಖಾಲಿ ಕೊಡುವುದುಂಟೇ? ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವಾಗ ಲ್ಯಾಬ್ ಜರ್ನಲ್‌ಗಳನ್ನು ಸಬ್‌ಮಿಷನ್ ದಿನದ ಬೆಳಿಗ್ಗೆ ಒಟ್ಟಿಗೆ ಬರೆದವರು ನಾವು. ಬೇರೆ ಬೇರೆ ದಿನ ಬರೆದಂತೆ ಕಾಣಲು ಮೂರು ಪೆನ್ನು ಬಳಸುತ್ತಿದ್ದೆವು: ಒಂದು ನೀಲಿ, ಒಂದು ಕಪ್ಪು, ಒಂದು ಮಾಸಿದ ನೀಲಿ. ಆ ವಿದ್ಯೆ ಇಪ್ಪತ್ತು ವರ್ಷದ ಮೇಲೆ ದ ಹೇಗ್‌ನ ಟ್ರಾಮಿನಲ್ಲಿ ಉಪಯೋಗಕ್ಕೆ ಬಂತು. ಮಂಗಳವಾರ ಮಧ್ಯಾಹ್ನ ಮೂರು ನಿಲ್ದಾಣದ ನಡುವೆ ಇಡೀ ವಾರದ ಧ್ಯಾನ ಮುಗಿಯುತ್ತಿತ್ತು. ಸೋಮವಾರ: ಎಡ ಹೆಬ್ಬೆರಳಿನಲ್ಲಿ ಬೆಚ್ಚಗಿನ ಅನುಭವ. ಮಂಗಳವಾರ: ಮನಸ್ಸು ಸ್ವಲ್ಪ ಅಲೆಯಿತು, ಮರಳಿ ತಂದೆ. ಆ 'ಸ್ವಲ್ಪ ಅಲೆಯಿತು' ಅನ್ನುವುದನ್ನು ನಂಬಿಕೆ ಬರಲಿ ಅಂತ ಹಾಕಿದ್ದೆ. ನಡುವೆ ಒಂದು ಕಡೆ ಕಾಫಿ ಹನಿ ಬೀಳಿಸಿದ್ದೂ ಉಂಟು.

ಐದು ವಾರ ಹೀಗೇ ನಡೆಯಿತು. ಮನೆಯಲ್ಲಿ ಗಿರೀಶ, "ಹೆಂಗ ನಡೀತದ?" ಅಂದರೆ, "ಭಾರೀ ಛಲೋ" ಅನ್ನುತ್ತಿದ್ದೆ. ಅವನು ಸಂತೋಷಪಟ್ಟು ಗೆಳೆಯರಿಗೆಲ್ಲ ಹೇಳಿಕೊಂಡು ಬಂದ. ನವೆಂಬರ್ ಮಧ್ಯದಲ್ಲಿ ಆ ಹಾಳೆಗಳನ್ನು ಫೈಲಿಗೆ ಹಾಕಿಕೊಂಡು ಕಂಪನಿ ಡಾಕ್ಟರ ಮುಂದೆ ಕೂತೆ. ಒಂದು ದಿನವೂ ತಪ್ಪಿಲ್ಲ ನೋಡಿ, ಪೂರ್ಣ ಕೆಲಸಕ್ಕೆ ಮರಳುತ್ತೇನೆ ಅಂದೆ.

"ನಿಜವಾಗಿ ಹೇಗಿದ್ದೀರಿ?" ಅಂತ ಅವರು ಎರಡು ಸಲ ಕೇಳಿದರು.

"ಚೆನ್ನಾಗಿದ್ದೇನೆ" ಅಂತ ಎರಡು ಸಲ ಹೇಳಿದೆ.

ನಮ್ಮ ಕಡೆ 'ಆರಾಮ?' ಅಂದರೆ ಜ್ವರ ಇದ್ದವನೂ 'ಆರಾಮ' ಅನ್ನುತ್ತಾನೆ, ಕೇಳಿದವನು ಮುಖ ನೋಡಿ ಉಳಿದದ್ದು ತಿಳಿದುಕೊಳ್ಳುತ್ತಾನೆ. ಇಲ್ಲಿನವರ ಜೊತೆ ಇರುವ ತೊಂದರೆ ಏನೆಂದರೆ, ಹೇಳಿದ್ದನ್ನು ನಂಬುತ್ತಾರೆ. ಅವರು ಸಹಿ ಮಾಡಿದರು.

ಅದಾದ ಎರಡನೇ ಗುರುವಾರ. ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಗಿರೀಶನಿಗೆ ಡೆಲ್ಫ್ಟ್‌ನಲ್ಲಿ ಮೀಟಿಂಗ್ ಇದ್ದುದರಿಂದ ತನ್ವಿಯನ್ನು ಸ್ಕೂಲಿನಿಂದ ಕರೆತರುವುದು ನನ್ನ ಪಾಲಿಗೆ ಬಂತು. ಮಧ್ಯಾಹ್ನ ಮೂರಕ್ಕೇ ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು, ಸಣ್ಣಗೆ ಜಿನುಗುತ್ತಿತ್ತು. ಹಳೇ ಸಿಸ್ಟಮ್‌ನಿಂದ ಹೊಸದಕ್ಕೆ ಡೇಟಾ ಹೋಗುವ ಪರೀಕ್ಷೆ ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ನಡೆಯುತ್ತಿತ್ತು. ಬಲಗಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೀಟಿಂಗಿನಲ್ಲಿ ಇದ್ದುಕೊಂಡೇ ಸೈಕಲ್ ತುಳಿದೆ. ತನ್ವಿ ಹಿಂದಿನ ಸೀಟಿನಲ್ಲಿ ಕೂತು ತನ್ನ ಟೀಚರ್ ಮೊಲ ತಂದ ಕಥೆ ಹೇಳುತ್ತಿದ್ದಳು. ನಾನು "ಹೂಂ, ಆಮ್ಯಾಲೆ?" ಅನ್ನುತ್ತಿದ್ದೆ. ಮೊಲ ಬಿಳಿಯೋ ಕರಿಯೋ ನನಗೆ ಇವತ್ತಿಗೂ ಗೊತ್ತಿಲ್ಲ.

ಟ್ರಾಮ್ ಹಳಿ ದಾಟುವ ಜಾಗ ಬಂತು. ಕಿವಿಯಲ್ಲಿ ಬೆಂಗಳೂರಿನ ಹುಡುಗಿಯೊಬ್ಬಳು, "ಶೈಲಾ, ಎರರ್ಸ್ ತುಂಬಾ ಬರ್ತಿದೆ. ನಿಲ್ಸೋದಾ, ಮುಂದುವರ್ಸೋದಾ?" ಅಂದಳು. ಉತ್ತರ ಹುಡುಕುತ್ತಾ ತುಳಿದೆ. ಟ್ರಾಮಿನ ಗಂಟೆ ಬಾರಿಸಿದ್ದು ನನಗೆ ಕೇಳಿಸಿತು. ಕೇಳಿಸಿತು, ಯಾರಿಗೋ ಬಾರಿಸುತ್ತಿದ್ದಾರೆ ಅಂದುಕೊಂಡೆ.

ತನ್ವಿ ಎರಡೂ ಕೈಯಲ್ಲಿ ನನ್ನ ಕೋಟನ್ನು ಹಿಂದಕ್ಕೆ ಎಳೆದಳು. ಸೈಕಲ್ ಎಡಕ್ಕೆ ವಾಲಿತು. ಮುಂದಿನ ಚಕ್ರ ಹಳಿಯ ಸಂದಿಗೆ ಸಿಕ್ಕಿ ಇಬ್ಬರೂ ಬಿದ್ದೆವು. ಬ್ರೇಕಿನ ಕಿರುಚಲು ಇಡೀ ಬೀದಿಯನ್ನು ತುಂಬಿತು. ಕಣ್ಣು ಬಿಟ್ಟಾಗ ಟ್ರಾಮಿನ ಮೂತಿ ಅಲ್ಲೇ ಇತ್ತು, ನಾನು ಕೈ ಚಾಚಿದ್ದರೆ ಮುಟ್ಟಬಹುದಿತ್ತು. ತನ್ವಿ ನನ್ನ ಮತ್ತು ಅದರ ನಡುವೆ ಬಿದ್ದಿದ್ದಳು.

ಅವಳ ಗಲ್ಲ ಒಡೆದು ರಕ್ತ ಬರುತ್ತಿತ್ತು. ಅಳಲಿಲ್ಲ. ಡ್ರೈವರ್ ಇಳಿದು ಓಡಿ ಬಂದಳು, ಚಿಕ್ಕ ವಯಸ್ಸಿನ ಹೆಂಗಸು. ಬೈಯಲಿಲ್ಲ. ಮೊಣಕಾಲೂರಿ ಮಗುವಿನ ಹೆಸರು ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ, ನೀವು ಹೇಗಿದ್ದೀರಿ ಅಂದಳು.

"ಚೆನ್ನಾಗಿದ್ದೇನೆ" ಅಂದೆ. ಬಾಯಿ ತಾನಾಗಿ ಅಂದಿತು.

ತನ್ವಿ ನನ್ನ ಮುಖ ನೋಡಿದಳು. ಡ್ರೈವರಿಗೆ ಅರ್ಥವಾಗಲಿ ಅಂತ ಡಚ್ಚಿನಲ್ಲೇ ಹೇಳಿದಳು, ಅದು ಸುಳ್ಳು ಎಂದು. ಕಳಚಿ ಹಳಿಯ ಪಕ್ಕ ಬಿದ್ದಿದ್ದ ಇಯರ್‌ಫೋನಿನಿಂದ ಸಣ್ಣ ದನಿಯೊಂದು, "ಶೈಲಾ, ಇದ್ದೀರಾ? ಶೈಲಾ?" ಅನ್ನುತ್ತಲೇ ಇತ್ತು.

ಗಲ್ಲಕ್ಕೆ ಮೂರು ಹೊಲಿಗೆ ಬಿದ್ದವು. ಮರುದಿನದಿಂದ ಅವಳು ನನ್ನ ಸೈಕಲ್ ಹತ್ತಲಿಲ್ಲ. ಹಠ ಇಲ್ಲ, ರಂಪ ಇಲ್ಲ. ನಾನು ಸೈಕಲ್ ಹೊರಗೆ ತೆಗೆದರೆ ಪಕ್ಕದಲ್ಲಿ ನಿಂತು, "ನಾನು ಪಪ್ಪಾ ಜೊತಿ" ಅನ್ನುತ್ತಿದ್ದಳು. ಈ ಊರಿನಲ್ಲಿ ಮಗು ತಾಯಿಯ ಸೈಕಲ್ ಹತ್ತಲು ಒಲ್ಲೆ ಅನ್ನುವುದು ಎಂಥ ಮಾತು ಅಂತ ಸ್ಕೂಲಿನ ಗೇಟಿನಲ್ಲಿ ನಿಂತರೆ ತಿಳಿಯುತ್ತದೆ. ಎಲ್ಲ ಮಕ್ಕಳೂ ಜಿಗಿದು ಕೂತು ಹೋಗುತ್ತಿದ್ದವು. ನನ್ನವಳು ಎರಡು ಹೆಜ್ಜೆ ದೂರ ನಡೆದು ಬರುತ್ತಿದ್ದಳು, ನಾನು ಖಾಲಿ ಸೈಕಲ್ ತಳ್ಳುತ್ತಿದ್ದೆ.

"ಆ ಕ್ಲಾಸಿಗೆ ಹೋಗಿ ಏನ ಕಲಿತಿ ನೀ?" ಅಂದ ಗಿರೀಶ, ಆ ಭಾನುವಾರ ಚಹಾ ಮುಂದಿಟ್ಟುಕೊಂಡು. ದನಿ ಏರಿಸಿರಲಿಲ್ಲ.

"ಏನೂ ಇಲ್ಲ. ಒಂದಿನಾನೂ ಮಾಡಿಲ್ಲ. ಎಲ್ಲಾ ಟ್ರಾಮಿನಾಗ ಕೂತು ಬರದೀನಿ."

"ಡಾಕ್ಟರಿಗೆ ಸುಳ್ಳು ಹೇಳು, ಆಫೀಸಿಗೆ ಹೇಳು. ನನಗ್ಯಾಕ ಹೇಳ್ದಿ? ನಾ ಏನು ನಿನಗ ಮಾರ್ಕ್ಸ್ ಕೊಡಾಂವೇನು?" ಅಂದ. ಅಷ್ಟಂದು ಚಹಾ ಬಿಟ್ಟು ಎದ್ದುಹೋದ. ಮದುವೆಯಾದ ಹನ್ನೊಂದು ವರ್ಷದಲ್ಲಿ ಅವನು ನನ್ನ ಮುಂದಿನಿಂದ ಹಾಗೆ ಎದ್ದುಹೋದದ್ದು ಅದೊಂದೇ ಸಲ. ನಾನು ಅಡುಗೆಮನೆಯಲ್ಲಿ ಕೂತು ಅತ್ತೆ.

ಮಂಗಳವಾರ ಇಪ್ಪತ್ತು ನಿಮಿಷ ಮೊದಲೇ ಸಮುದಾಯ ಭವನಕ್ಕೆ ಹೋದೆ. ಇನೆಕೆ ನೆಲಕ್ಕೆ ಚಾಪೆ ಹಾಸುತ್ತಿದ್ದರು. ಫೈಲನ್ನು ಅವರ ಮುಂದಿಟ್ಟು, ಇದೆಲ್ಲ ಸುಳ್ಳು ಅಂದೆ.

"ಗೊತ್ತಿತ್ತು" ಅಂದರು. "ಮೂರು ಪೆನ್ನು. ನರ್ಸ್ ಆಗಿದ್ದಾಗ ಜ್ವರದ ಚಾರ್ಟನ್ನು ಡ್ಯೂಟಿ ಮುಗಿಯುವಾಗ ಒಟ್ಟಿಗೆ ತುಂಬಿದವಳು ನಾನು. ನನಗೆ ಎರಡೇ ಪೆನ್ನು ಸಾಕಾಗುತ್ತಿತ್ತು."

ಸಮಾಧಾನ ಆಗಬೇಕಿತ್ತೇನೋ, ಆಗಲಿಲ್ಲ. ಮೈಯೆಲ್ಲ ಉರಿಯಿತು. "ಗೊತ್ತಿದ್ದೂ ಸುಮ್ಮನಿದ್ದಿರಾ? ನನ್ನ ಮಗಳು ಟ್ರಾಮಿನ ಮುಂದೆ ಬಿದ್ದಳು" ಅಂದೆ. ನಡೆದದ್ದನ್ನೆಲ್ಲ ಹೇಳಿದೆ. ತಪ್ಪು ನನ್ನದೇ ಎಂದು ಗೊತ್ತಿತ್ತು, ಆದರೂ ಯಾರನ್ನಾದರೂ ಬೈಯಬೇಕಿತ್ತು.

ಇನೆಕೆ ಕೈಯಲ್ಲಿದ್ದ ಚಾಪೆ ಕೆಳಗಿಟ್ಟರು. "ಕೇಳಬೇಕಿತ್ತು. ನೀವಾಗಿ ಹೇಳಲಿ ಅಂತ ಕಾದೆ. ಅದು ತಪ್ಪಾಯಿತು" ಅಂದರು. ಯಾವ ನೆಪವನ್ನೂ ಸೇರಿಸಲಿಲ್ಲ. ಹಾಗೆ ನೇರವಾಗಿ ತಪ್ಪು ಒಪ್ಪಿಕೊಳ್ಳುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಕಡಿಮೆ. ನನ್ನ ಸಿಟ್ಟಿಗೆ ಹಿಡಿದುಕೊಳ್ಳಲು ಏನೂ ಸಿಗಲಿಲ್ಲ.

ಆಮೇಲೆ ಅವರು ಹೊಸ ಹಾಳೆಯೊಂದನ್ನು ಕೊಟ್ಟರು. "ಮಾಡದಿದ್ದರೆ 'ಇಲ್ಲ' ಅಂತ ಬರೆಯಿರಿ. ಏಳು ದಿನವೂ 'ಇಲ್ಲ' ಅಂತಿದ್ದರೂ ಬನ್ನಿ. ಹೆದರಿಕೆ ಬಂದರೆ ಕಣ್ಣು ಮುಚ್ಚಬೇಡಿ, ಮಲಗಬೇಡಿ. ಎದ್ದು ನಿಂತು ಕಾಲು ಎಲ್ಲಿದೆ ನೋಡಿ. ಅಷ್ಟು ಸಾಕು."

'ಇಲ್ಲ' ಅಂತ ಬರೆಯುವುದು ಎಷ್ಟು ಕಷ್ಟ ಅಂತ ಮೊದಲ ರ್‍ಯಾಂಕಿಗೆ ಬೆಳೆಸಿದ ಮಕ್ಕಳಿಗೆ ಮಾತ್ರ ಗೊತ್ತು. ಆ ವಾರದ ಹಾಳೆ ಇನ್ನೂ ನನ್ನ ಹತ್ತಿರ ಇದೆ, ಒಂದೇ ಪೆನ್ನಿನದು. ಬುಧವಾರ: ಇಲ್ಲ. ಗುರುವಾರ: ಇಲ್ಲ. ಶುಕ್ರವಾರ: ನಾಲ್ಕು ನಿಮಿಷ, ವಾಷಿಂಗ್ ಮಷೀನ್ ಪಕ್ಕ ನಿಂತು. ಎದೆ ಬಡಿಯಿತು, ಹೆದರಿದೆ, ಕಾಲು ತಣ್ಣಗಿತ್ತು. ಶನಿವಾರ: ಇಲ್ಲ. ಭಾನುವಾರ: ಆರು ನಿಮಿಷ, ಅತ್ತುಬಿಟ್ಟೆ. ಎದೆ ಬಡಿಯುವುದೇನೂ ನಿಲ್ಲಲಿಲ್ಲ. ಬಡಿಯುತ್ತಿದೆ ಅನ್ನುವುದು ನನಗೆ ತಿಳಿಯತೊಡಗಿತು, ತಿಳಿದ ಮೇಲೆ ಅಲ್ಲಿಂದ ಓಡಿಹೋಗದೆ ನಿಲ್ಲಲು ಬಂತು.

ಸೋಮವಾರ ಕಂಪನಿ ಡಾಕ್ಟರಿಗೆ ಫೋನ್ ಮಾಡಿ, ಚೆನ್ನಾಗಿಲ್ಲ ಅಂದೆ. ಆ ಒಂದು ಮಾತನ್ನು ಹೇಳುವ ಮೊದಲು ಮೂರು ಸಲ ಕರೆ ಕತ್ತರಿಸಿದ್ದೆ. ಡಿಸೆಂಬರಿನ ಕೆಲಸವನ್ನು ಬೇರೆಯವರಿಗೆ ಕೊಟ್ಟರು. ನಾನಿಲ್ಲದೆ ಅದು ನಡೆಯಿತು, ಅದಕ್ಕೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಪರ್ಮಿಟ್ಟಿನ ಅರ್ಜಿಯಲ್ಲಿ ನನ್ನ ತಲೆಯ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಗಿರೀಶ ಓದಿದ್ದು ನಿಜವಾಗಿತ್ತು.

ತನ್ವಿ ಮಾತ್ರ ನಡೆದೇ ಬರುತ್ತಿದ್ದಳು. ಡಿಸೆಂಬರ್ ಕಳೆಯಿತು. ಓಲಿಬೊಲೆನ್ ಕೊಡಿಸಿದೆ, ತಿಂದಳು, ಸೈಕಲ್ ಹತ್ತಲಿಲ್ಲ. ದಿನವೂ ಹಳಿ ಬಂದಾಗ ನಾನು ನಿಲ್ಲುತ್ತಿದ್ದೆ. ಎರಡೂ ಕಾಲನ್ನು ನೆಲಕ್ಕೆ ಊರಿ, ಅವು ಅಲ್ಲಿವೆಯೇ ಅಂತ ನೋಡಿ, ಎಡಕ್ಕೆ ಬಲಕ್ಕೆ ತಿರುಗಿ, ಆಮೇಲೆ ದಾಟುತ್ತಿದ್ದೆ. ಹಿಂದಿನ ಸೈಕಲ್ಲಿನವರು ಬೆಲ್ ಹೊಡೆದು ಗೊಣಗುತ್ತಾ ಹೋಗುತ್ತಿದ್ದರು. ಅವಳು ಎರಡು ಹೆಜ್ಜೆ ದೂರದಿಂದ ನೋಡುತ್ತಿದ್ದಳು.

ಜನವರಿಯ ಒಂದು ಮಧ್ಯಾಹ್ನ, ಮೂಳೆಗೆ ಇಳಿಯುವ ಚಳಿ, ಅದೇ ಹಳಿ. ನಿಂತೆ. ಕಾಲು ನೋಡಿಕೊಂಡೆ. ಆಗ ಚೀಲದಲ್ಲಿ ಫೋನ್ ರಿಂಗಾಯಿತು. ಆಫೀಸಿನದೇ ಇರಬೇಕು, ಆ ಹೊತ್ತಿಗೆ ಬೇರೆ ಯಾರೂ ಮಾಡುತ್ತಿರಲಿಲ್ಲ. ಎದೆ ತನ್ನ ಕೆಲಸ ಶುರು ಮಾಡಿತು. ಬೆರಳು ಚೀಲದ ಕಡೆ ಹೋಗಲು ನೋಡಿದವು, ಹ್ಯಾಂಡಲ್ ಗಟ್ಟಿಯಾಗಿ ಹಿಡಿದುಕೊಂಡೆ. ತನ್ವಿ ಒಮ್ಮೆ ಚೀಲ ನೋಡಿದಳು, ಒಮ್ಮೆ ನನ್ನ ಕೈ ನೋಡಿದಳು.

"ಮಮ್ಮಿ, ಆರಾಮಿದ್ದಿ?" ಅಂದಳು.

"ಇಲ್ಲ" ಅಂದೆ. "ಹೆದರಿಕಿ ಆಗ್ಲಿಕತ್ತದ. ಆದ್ರ ಇಲ್ಲೇ ಅದೀನಿ."

ಫೋನ್ ರಿಂಗಾಗುತ್ತಲೇ ಇತ್ತು. ಟ್ರಾಮ್ ಬಂತು, ಗಂಟೆ ಹೊಡೆಯಿತು, ಹೋಯಿತು. ಅವಳು ಫೋನ್ ಪೂರ್ತಿ ನಿಲ್ಲುವವರೆಗೆ ಕಾದಳು. ಆಮೇಲೆ ಬಂದು, ನನ್ನ ಕೋಟು ಹಿಡಿದುಕೊಂಡು, ಹಿಂದಿನ ಸೀಟಿನ ಮೇಲೆ ಹತ್ತಿ ಕೂತಳು.